ದಾರಿ ತಪ್ಪಿದ ಮಕ್ಕಳು ಕೂರುತ್ತಾರೆ: ನನ್ನ ಅನುಭವ

ಹೋದ ಸಲದ ಶಾಲಾ ಪ್ರವಾಸದಲ್ಲಿ ನಮ್ಮ ಇಬ್ಬರು ಹುಡುಗಿಯರು ಕಾಡಿನಲ್ಲಿ ದಾರಿ ತಪ್ಪಿದರು. ಇಬ್ಬರಿಗೂ ಹನ್ನೊಂದು ವರ್ಷ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳೂ ಶಾಲೆಗೆ ಬರದಂಥ ಜೋಡಿ. ಸುಮಾರು ಐವತ್ತು ನಿಮಿಷದಲ್ಲಿ ಸಿಕ್ಕರು. ಸಿಕ್ಕಾಗ ಒಂದೇ ಮರಕ್ಕೆ ಒರಗಿ ಕುಳಿತು ಸೀಟಿ ಊದುತ್ತಿದ್ದರು. ದಾರಿಯಿಂದ ಹೆಚ್ಚೆಂದರೆ ಮುನ್ನೂರು ಹೆಜ್ಜೆ ದೂರ.

ಈ ಕೂರುವುದನ್ನು ಮಕ್ಕಳಿಗೆ ಕಲಿಸಲು ನಾನು ಆರು ವರ್ಷ ಒದ್ದಾಡಿದ್ದೇನೆ. "ಹೆದರಿದ ಮಗು ಓಡುತ್ತೆ ಸರ್, ಕೂರಲ್ಲ" ಎಂದು ಜೊತೆಯ ಶಿಕ್ಷಕರೇ ಹೇಳುತ್ತಿದ್ದರು. ಈಗ ಅವರೇ ಬಂದು ಹೇಗೆ ಮಾಡಿಸಿದಿರಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ತಲೆ ಎಣಿಕೆ, ಮುಂದೊಬ್ಬರು ಹಿಂದೊಬ್ಬರು ನಡೆಯುವುದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಮೊದಲು ದುಡ್ಡು ಹಾಳಾದ ಕಥೆ. ಮೊದಲ ವರ್ಷ ದಾರಿಯುದ್ದಕ್ಕೂ ಮರಗಳಿಗೆ ರಿಬ್ಬನ್ ಕಟ್ಟಿದೆ. ಬೇರೆ ಯಾರೋ ಇನ್ಯಾವುದೋ ಕೆಲಸಕ್ಕೆ ಕಟ್ಟಿದ್ದ ರಿಬ್ಬನ್ ಕೂಡ ಅಲ್ಲಿತ್ತು. ನಾಲ್ಕು ಹುಡುಗರು ಅದನ್ನು ಹಿಡಿದುಕೊಂಡು ಆರಾಮಾಗಿ ಬೇರೆ ಕಡೆ ನಡೆದುಬಿಟ್ಟರು. ಎರಡನೇ ವರ್ಷ ಬೀಗದ ಕೈಗೆ ಹಾಕುವ ಬ್ಲೂಟೂತ್ ಟ್ಯಾಗುಗಳನ್ನು ತಂದೆ. ನನ್ನ ತಿಂಗಳ ಸಂಬಳದ ಮೂರನೇ ಒಂದು ಪಾಲು ಹೋಯಿತು. ಅವು ಕೆಲಸ ಮಾಡುವುದು ಅಕ್ಕಪಕ್ಕದಲ್ಲಿ ಜನರ ಫೋನುಗಳಿದ್ದರೆ. ಕಾಡಿನಲ್ಲಿ ಯಾರ ಫೋನು ಇರುತ್ತೆ? ಮೂವತ್ತು ಹೆಜ್ಜೆ ಆಚೆ ಹೋದರೆ ಟ್ಯಾಗ್ ಇದ್ದೂ ಇಲ್ಲದ ಹಾಗೆ. ಮೂರನೇ ವರ್ಷ ಬಾಡಿಗೆಗೆ ವಾಕಿಟಾಕಿ ತಂದೆವು. ಮಧ್ಯೆ ಒಂದು ಗುಡ್ಡ ಬಂದರೆ ಸಾಕು, ಬರೀ ಗೊರಗೊರ ಸದ್ದು. ಬಾಡಿಗೆ ಮಾತ್ರ ಪೂರ್ತಿ ಕೊಡಬೇಕಾಯಿತು.

ಸೀಟಿಯಲ್ಲೂ ಎಡವಿದೆ. ಅಗ್ಗದ, ಒಳಗೆ ಗುಂಡು ಇರುವ ಸೀಟಿಗಳನ್ನು ತಂದಿದ್ದೆ. ಮಕ್ಕಳ ಎಂಜಲಿಗೆ ಗುಂಡು ಅಂಟಿಕೊಂಡು ಅರ್ಧಕ್ಕರ್ಧ ಸೀಟಿ ಮೂಕಾದವು. ಗುಂಡಿಲ್ಲದ ಸೀಟಿಗೆ ನಾಲ್ಕು ಪಟ್ಟು ದುಡ್ಡು, ಆದರೂ ಅದನ್ನೇ ತನ್ನಿ. ರಾನ್ ಫಾಕ್ಸ್‌ಕ್ರಾಫ್ಟ್ ಎಂಬ ಕೆನಡಾದ ಬಾಸ್ಕೆಟ್‌ಬಾಲ್ ರೆಫರಿಗೂ ಆಟದ ನಡುವೆ ಸೀಟಿ ಕೈಕೊಟ್ಟಿತ್ತು. ಆ ಬೇಸರದಲ್ಲೇ ಅವರು ಗುಂಡಿಲ್ಲದ ಸೀಟಿ ಮಾಡಿಸಿ 1987ರಲ್ಲಿ ಹೊರತಂದರು. ನನ್ನ ಮಕ್ಕಳ ಕೊರಳಲ್ಲಿರುವುದು ಅದೇ ಬಗೆಯದು.

ಸೀಟಿ ಚೆನ್ನಾಗಿದ್ದರೆ ಇನ್ನೊಂದು ತೊಂದರೆ. ಮಕ್ಕಳು ಬಸ್ಸು ಹತ್ತಿದಾಗಿನಿಂದ ಊದುತ್ತಲೇ ಇರುತ್ತಾರೆ. ಸಂಜೆಯ ಹೊತ್ತಿಗೆ ದೊಡ್ಡವರ ಕಿವಿ ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಡುತ್ತದೆ. ಅದಕ್ಕೆ ನನ್ನ ನಿಯಮ ಗಟ್ಟಿ. ಸೀಟಿ ಊದಿದ ಕೂಡಲೇ ಇಡೀ ತಂಡ ನಿಂತಲ್ಲೇ ಕೂರಬೇಕು, ಹತ್ತು ನಿಮಿಷ ಮಾತಿಲ್ಲ. ಸುಮ್ನೆ ಊದಿದವನನ್ನು ನಾನು ಬೈಯುವ ಅಗತ್ಯವೇ ಇಲ್ಲ, ಉಳಿದ ಮಕ್ಕಳೇ ನೋಡಿಕೊಳ್ಳುತ್ತಾರೆ.

ಇನ್ನು ಜೋಡಿಯ ವಿಷಯ. ಇಲ್ಲೇ ಎಲ್ಲರೂ ನನ್ನ ಜೊತೆ ಜಗಳ ಆಡಿದ್ದು. ಜೀವದ ಗೆಳೆಯರನ್ನು ಒಟ್ಟಿಗೆ ಬಿಡಬೇಡಿ, ಮಾತಿನಲ್ಲಿ ಮೈಮರೆಯುತ್ತಾರೆ ಎನ್ನುವುದು ಎಲ್ಲರ ವಾದ. ಮೈಮರೆಯುವುದು ನಿಜ. ದಾರಿ ಅವಳಿಗೆ ಗೊತ್ತಿರುತ್ತದೆ ಎಂದು ಇವಳು, ಇವಳಿಗೆ ಗೊತ್ತಿರುತ್ತದೆ ಎಂದು ಅವಳು. ಇಬ್ಬರೂ ದಾರಿ ನೋಡುವುದಿಲ್ಲ. ನಾನೂ ಒಂದು ವರ್ಷ ಬೇರೆ ಮಾಡಿ ನೋಡಿದೆ. ಏನಾಯಿತು ಗೊತ್ತಾ? ಹಿಂದಿನ ತಂಡದಲ್ಲಿದ್ದ ಹುಡುಗ ಮುಂದಿನ ತಂಡದ ಗೆಳೆಯನನ್ನು ಸೇರಲು ಒಬ್ಬನೇ ಅಡ್ಡದಾರಿ ಹಿಡಿದ. ಹತ್ತೇ ನಿಮಿಷದಲ್ಲಿ ಸಿಕ್ಕ. ಆ ಹತ್ತು ನಿಮಿಷ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಇಬ್ಬರು ಒಟ್ಟಿಗೆ ದಾರಿ ತಪ್ಪುವುದು ಒಬ್ಬ ಮಗು ಒಂಟಿಯಾಗಿ ತಪ್ಪುವುದಕ್ಕಿಂತ ಎಷ್ಟೋ ವಾಸಿ, ಅಲ್ವಾ?

ಅಲ್ಲಿಂದ ಗೆಳೆಯರನ್ನು ಒಟ್ಟಿಗೇ ಬಿಟ್ಟೆ, ಆದರೆ ಇಬ್ಬರಿಗೂ ಬೇರೆ ಬೇರೆ ಕೆಲಸ ಕೊಟ್ಟೆ. ಒಬ್ಬರು 'ಬೇರು', ಇನ್ನೊಬ್ಬರು 'ಗಂಟಲು'. ದಾರಿ ಕಾಣದಾದಾಗ ಬೇರು ಆದವರು "ಬೇರು" ಎನ್ನಬೇಕು. ಅಂದ ಮೇಲೆ ಇಬ್ಬರೂ ಹತ್ತಿರದ ಮರದ ಬುಡದಲ್ಲಿ ಕೂರಬೇಕು, ಎದ್ದು ಹೋಗುವಂತಿಲ್ಲ. ಗಂಟಲು ಆದವರು ಮೂರು ಸಲ ಊದಿ, ನೂರು ಎಣಿಸುವ ತನಕ ಸುಮ್ಮನಿದ್ದು, ಮತ್ತೆ ಊದಬೇಕು. ನಡುವಿನ ಆ ಮೌನ ಬಹಳ ಮುಖ್ಯ, ನಮ್ಮ ಉತ್ತರ ಅವರಿಗೆ ಕೇಳಬೇಕಲ್ಲ. ಬರೀ "ಕೂರಿ" ಎಂದಾಗ ಕೂರದ ಮಕ್ಕಳು, ಅದು ತಮ್ಮ ಕೆಲಸ ಎಂದಾದಾಗ ಕೂತರು. ಹೆದರಿಕೆ ಹಾಗೇ ಇತ್ತು. ಆದರೆ ಕೈಗೆ ಕೆಲಸವೂ ಇತ್ತು.

ಜೋಡಿಯಲ್ಲಿ ಯಾರನ್ನು ಬೇರು ಮಾಡಬೇಕು ಎಂದು ಆರಿಸಲು ನನ್ನ ಹತ್ತಿರ ಒಂದು ಚಿಕ್ಕ ಆಟ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳಿಗೆ ಗೊತ್ತಾದರೆ ಅದು ಕೆಲಸ ಮಾಡುವುದಿಲ್ಲ.

ಮರದ ಹತ್ತಿರ ಕೂರಿಸುವ ಉಪಾಯ ನನ್ನದಲ್ಲ. 1981ರಲ್ಲಿ ಅಮೆರಿಕದ ಪಾಲೋಮಾರ್ ಬೆಟ್ಟದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಕಳೆದುಹೋಗಿ ತೀರಿಕೊಂಡ. ಆ ಹುಡುಕಾಟದಲ್ಲಿದ್ದವರು ಆಮೇಲೆ 'ಹಗ್ ಎ ಟ್ರೀ' (ಮರವನ್ನು ಅಪ್ಪಿಕೋ) ಎಂಬ ಪಾಠ ಶುರುಮಾಡಿದರು. ಸೀಟಿ, ಮೈಗೆ ಹಾಕಿಕೊಳ್ಳುವ ಬಣ್ಣದ ದೊಡ್ಡ ಪ್ಲಾಸ್ಟಿಕ್ ಚೀಲ, ಅಲ್ಯೂಮಿನಿಯಂ ಹಾಳೆಯ ಮೇಲೆ ಶೂ ಅಚ್ಚು, ಎಲ್ಲ ಅವರದ್ದೇ. ಬೇರು ಮತ್ತು ಗಂಟಲು ಮಾತ್ರ ನನ್ನದು.

ಶೂ ಅಚ್ಚಿನ ಬಗ್ಗೆ ಸ್ವಲ್ಪ ಹೇಳಬೇಕು. ಮಡಚಿದ ಟವೆಲ್ ಮೇಲೆ ಹಾಳೆ ಹಾಸಿ, ಮಗು ಅದರ ಮೇಲೆ ಒಂದು ಹೆಜ್ಜೆ ಇಟ್ಟರೆ ಸಾಕು, ತಳದ ಗೆರೆ ಪೂರ್ತಿ ಮೂಡುತ್ತದೆ. ಹೆಸರು ಬರೆದು ಬಸ್ಸಿನಲ್ಲಿ ಇಡುತ್ತೇನೆ, ಮಗು ಕಳೆದುಹೋದರೆ ನೆಲದ ಮೇಲಿನ ಹೆಜ್ಜೆ ಗುರುತಿನ ಜೊತೆ ಹೋಲಿಸಿ ನೋಡಲು. ನಲವತ್ತು ಮಕ್ಕಳಿಗೆ ಅರ್ಧ ಗಂಟೆ ಬೇಕು, ಖರ್ಚು ಲೆಕ್ಕಕ್ಕೇ ಇಲ್ಲ. ಇದನ್ನು ನೋಡಿ ನಕ್ಕವರೇ ಜಾಸ್ತಿ.

ಚೀಲದ ಬಣ್ಣಕ್ಕಾಗಿ ಒಂದು ಭಾನುವಾರ ಪೂರ್ತಿ ಕಳೆದೆ. ಐದು ಬಣ್ಣದ ಚೀಲಗಳನ್ನು ಮರಗಳ ನಡುವೆ ನೇತುಹಾಕಿ ದೂರದಿಂದ ನೋಡಿದೆ. ನೀಲಿ ನೆರಳಿನಲ್ಲಿ ಕರಗಿಹೋಯಿತು. ಹಳದಿ ಒಣಗಿದ ಎಲೆಯ ಜೊತೆ ಸೇರಿಕೊಂಡಿತು. ಕೆಂಪು ಮಧ್ಯಾಹ್ನ ಎದ್ದು ಕಾಣುತ್ತಿತ್ತು, ಆದರೆ ಮುಸ್ಸಂಜೆಯಲ್ಲಿ ಕಪ್ಪಾಯಿತು. ಬೆಳಕು ಕಡಿಮೆಯಾದಾಗ ನಮ್ಮ ಕಣ್ಣಿಗೆ ಮೊದಲು ಸೋಲುವುದೇ ಕೆಂಪು. ಕೊನೆಗೆ ಉಳಿದದ್ದು ಕಿತ್ತಳೆ. ಚೀಲಕ್ಕೆ ಮುಖದ ತೂತನ್ನು ಮೊದಲೇ ಕತ್ತರಿಸಿ ಕೊಡಿ. ಹಾಗೇ ಕೊಟ್ಟರೆ ಮಗು ತಲೆಗೆ ಹಾಕಿಕೊಂಡು ಉಸಿರು ಕಟ್ಟೀತು.

ಮಕ್ಕಳಿಗೆ ಯಾಕೆ ಕೂರಬೇಕು ಎಂದು ಬಾಯಲ್ಲಿ ಹೇಳಿ ಸಾಕಾಗಿತ್ತು. ಮೈದಾನದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ "ನೇರ ನಡಿ" ಎಂದೆ. ಒಬ್ಬರೂ ನೇರ ನಡೆಯಲಿಲ್ಲ. ಇಬ್ಬರಂತೂ ತಿರುಗಿ ಹೊರಟ ಜಾಗದ ಹತ್ತಿರವೇ ಬಂದರು. 2009ರಲ್ಲಿ ಜರ್ಮನಿಯ ವಿಜ್ಞಾನಿಗಳು ಜನರನ್ನು ಕಾಡಿನಲ್ಲಿ ನಡೆಸಿ ಜಿಪಿಎಸ್‌ನಲ್ಲಿ ಅಳೆದಿದ್ದರು. ಸೂರ್ಯ ಕಂಡವರು ಹೆಚ್ಚು ಕಡಿಮೆ ನೇರ ನಡೆದರು. ಮೋಡ ಮುಚ್ಚಿದ ದಿನ ನಡೆದವರು ತಮಗೇ ಗೊತ್ತಿಲ್ಲದೆ ಸುತ್ತು ಹೊಡೆದರು. ಮೈದಾನದ ಆಟ ಆದಮೇಲೆ "ಸ್ವಲ್ಪ ಮುಂದೆ ಹೋಗಿ ನೋಡಿದ್ರೆ ಆಗಲ್ವಾ ಸರ್" ಎಂಬ ಪ್ರಶ್ನೆ ಮತ್ತೆ ಬರಲಿಲ್ಲ.

ಅಭ್ಯಾಸದಲ್ಲಿ ನನಗೆ ತುಂಬಾ ನೋವಾದದ್ದು ಒಂದಿದೆ. ಮಕ್ಕಳಿಗೆ ಪರಿಚಯವಿಲ್ಲದ ಒಬ್ಬರನ್ನು ಕರೆಸಿ, ಮರಗಳ ನಡುವೆ ಕುಳಿತ ಜೋಡಿಗಳ ಹೆಸರು ಕೂಗಿಸಿದೆ. ಹನ್ನೆರಡು ಜೋಡಿಯಲ್ಲಿ ಏಳೋ ಎಂಟೋ ಜೋಡಿ ಉಸಿರು ಬಿಗಿಹಿಡಿದು ಅಡಗಿಕೊಂಡವು. ಕೇಳಿದರೆ, ಅರ್ಧ ಜನ "ಅಪರಿಚಿತರ ಜೊತೆ ಮಾತಾಡಬೇಡ ಅಂತ ಅಮ್ಮ ಹೇಳಿದ್ದಾರೆ" ಎಂದರು. ಇನ್ನರ್ಧ "ಬೈತೀರಾ ಅಂತ ಹೆದರಿಕೆ ಆಯ್ತು" ಎಂದರು. ಹುಡುಕಲು ಬಂದವರಿಂದಲೇ ಮಗು ಅಡಗಿಕೊಂಡರೆ ಏನು ಗತಿ? ಅಂದಿನಿಂದ ಪ್ರತಿ ಪ್ರವಾಸಕ್ಕೂ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳುತ್ತೇವೆ. ಹುಡುಕುವವರು ಅದನ್ನು ಹೇಳಬೇಕು. ಆ ಮಾತನ್ನು ಹೇಗೆ ಕಟ್ಟುತ್ತೇನೆ ಎಂಬುದೂ ನನ್ನಲ್ಲೇ ಇರಲಿ. ಮತ್ತೆ ಅಪ್ಪ ಅಮ್ಮಂದಿರನ್ನು ಕೂರಿಸಿ, ದಾರಿ ತಪ್ಪಿ ಬಂದ ಮಗುವನ್ನು ಆ ದಿನ ಯಾರೂ ಬೈಯುವುದಿಲ್ಲ ಎಂದು ಮಕ್ಕಳ ಎದುರೇ ಮಾತು ತೆಗೆದುಕೊಂಡೆ.

ಆ ದಿನಕ್ಕೆ ಬರುತ್ತೇನೆ. ಮಧ್ಯಾಹ್ನ ಎರಡರ ಸುಮಾರು. ಒಬ್ಬಳು ಶೂ ದಾರ ಕಟ್ಟಲು ನಿಂತಳು, ಇನ್ನೊಬ್ಬಳು ಅವಳಿಗಾಗಿ ನಿಂತಳು. ಕೊನೆಯಲ್ಲಿ ನಡೆಯುತ್ತಿದ್ದ ಶಿಕ್ಷಕರು ಅಳುತ್ತಿದ್ದ ಇನ್ನೊಂದು ಮಗುವಿನ ಕಡೆ ತಿರುಗಿದ್ದರು. ದಾರಿ ಕವಲೊಡೆಯುವ ಜಾಗ ಅದು. ನಾವು ಎಡಕ್ಕೆ, ಅವರು ಬಲಕ್ಕೆ. ಮುಂದಿನ ಎಣಿಕೆಯಲ್ಲಿ ನಲವತ್ತರ ಬದಲು ಮೂವತ್ತೆಂಟು.

ಇಡೀ ತಂಡವನ್ನು ಕೂರಿಸಿದೆ, ಮಾತು ನಿಲ್ಲಿಸಿದೆ. ಇಬ್ಬರು ಶಿಕ್ಷಕರು ಮಕ್ಕಳ ಜೊತೆ ಉಳಿದರು. ನಾನು, ಇನ್ನೊಬ್ಬರು ವಾಪಸ್ ಕವಲಿಗೆ ಬಂದೆವು. ಊದಿದೆವು, ಕಿವಿಗೊಟ್ಟೆವು. ಏನೂ ಇಲ್ಲ. ಪಕ್ಕದಲ್ಲೇ ಹಳ್ಳ ಹರಿಯುತ್ತಿತ್ತು, ಅದರ ಸದ್ದಿಗೆ ಸೀಟಿ ಮುಳುಗಿತ್ತು. ನಾವು ಹಿಂದೆ ಅಳೆದಾಗ ಮರಗಳ ನಡುವೆ ಕೂಗು ನೂರೈವತ್ತು ಹೆಜ್ಜೆಗೆ ಸಾಯುತ್ತಿತ್ತು, ಸೀಟಿ ನಾನ್ನೂರರ ತನಕ ಬರುತ್ತಿತ್ತು. ನೀರಿನ ಹತ್ತಿರ ಅದು ಅರ್ಧಕ್ಕೂ ಕಡಿಮೆ. ಹಳ್ಳ ಬಿಟ್ಟು ಮೇಲೆ ಹತ್ತಿದ ಮೇಲೆ ಮೂರು ಸೀಟಿ ಕೇಳಿತು. ಕಣ್ಣು ಒದ್ದೆಯಾಯಿತು. ಆದರೆ ಅದು ಎದುರಿನ ಗುಡ್ಡಕ್ಕೆ ಬಡಿದು ಬಂದ ದನಿ. ಆ ಕಡೆ ಹೋಗಿ ಹದಿನೈದು ನಿಮಿಷ ಕಳೆದುಕೊಂಡೆವು.

ಅಷ್ಟರಲ್ಲಿ ಬಸ್ಸಿನಿಂದ ಹಾಳೆಯ ಅಚ್ಚು ಬಂತು. ಬಲಗವಲಿನ ಕೆಸರಿನಲ್ಲಿ ಅದೇ ಅಡ್ಡಗೆರೆಯ ತಳ, ಎರಡು ಹೆಜ್ಜೆ. ಯಾರೂ ನಗಲಿಲ್ಲ ಆಗ. ಆ ಕಡೆ ನಡೆದ ಐದು ನಿಮಿಷಕ್ಕೆ ಸೀಟಿ ನೇರ ಕೇಳಿತು. ಗುಟ್ಟಿನ ಮಾತು ಕೂಗಿದೆ. ಮರದ ಹಿಂದಿನಿಂದ ಕಿತ್ತಳೆ ಚೀಲ ಎದ್ದು ನಿಂತಿತು. ಇಬ್ಬರೂ ಒಣಗಿದ ಎಲೆ ರಾಶಿ ಹಾಕಿಕೊಂಡು ಅದರ ಮೇಲೆ ಕುಳಿತಿದ್ದರು, ಬರಿ ನೆಲ ಮೈಯ ಬಿಸಿ ಎಳೆಯುತ್ತದೆ ಎಂದು ಹೇಳಿಕೊಟ್ಟಿದ್ದೆ. ಇಬ್ಬರಲ್ಲಿ ಮಾತುಗಾತಿಯಾದವಳು ಹಳ್ಳದ ಜಾಡು ಹಿಡಿದು ಇಳಿಯೋಣ ಎಂದಳಂತೆ. ಮೆತ್ತಗಿನವಳು ಅವಳ ಕೈ ಹಿಡಿದು "ಬೇರು" ಎಂದಳಂತೆ. ಅಷ್ಟೇ. ಮಾತುಗಾತಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಬೈಯಲ್ಲ ಅಲ್ವಾ ಸರ್?"

ತಪ್ಪುಗಳೂ ಇದ್ದವು. ಇಬ್ಬರ ನಡುವೆ ಒಂದೇ ಸೀಟಿ ಇತ್ತು, ಇನ್ನೊಂದು ಬಸ್ಸಿನಲ್ಲಿದ್ದ ಬ್ಯಾಗಿನಲ್ಲಿ. ಈಗ ಸೀಟಿ ಮೈಮೇಲೇ ಇರಬೇಕು. ದಟ್ಟ ಮರದ ಕೆಳಗೆ ಕುಳಿತಿದ್ದರಿಂದ ಚೀಲದ ಬಣ್ಣ ಹತ್ತಿರ ಹೋಗುವ ತನಕ ಕಾಣಲಿಲ್ಲ. ಈಗ ಬಯಲಿನ ಅಂಚಿನ ಮರ ಹತ್ತಿರವಿದ್ದರೆ ಅದನ್ನೇ ಆರಿಸಲು ಕಲಿಸುತ್ತಿದ್ದೇನೆ. ಸೀಟಿ, ಚೀಲ, ಹಾಳೆ ಎಲ್ಲ ಸೇರಿ ಒಂದು ಮಗುವಿಗೆ ಬೀಳುವ ಖರ್ಚು ಒಂದೆರಡು ನೋಟ್‌ಬುಕ್ಕಿನಷ್ಟು.

ಮುಂದಿನ ಸಲ ಏಳು ವರ್ಷದ ಮಕ್ಕಳನ್ನು ಕರೆದುಕೊಂಡು ಹೋಗಬೇಕಿದೆ. ಅವರಿಗೆ ನೂರರ ತನಕ ಎಣಿಸುವ ತಾಳ್ಮೆ ಇಲ್ಲ, ಒಂದು ಹಾಡಿನ ಅಳತೆ ಇಟ್ಟು ನೋಡುತ್ತಿದ್ದೇನೆ. ಕಲಿಸಲು ಆ ಇಬ್ಬರೂ ಬರುತ್ತೇವೆ ಎಂದಿದ್ದಾರೆ. ಒಬ್ಬಳು ಬೇರು ಹೇಳಿಕೊಡುತ್ತಾಳಂತೆ, ಇನ್ನೊಬ್ಬಳು ಗಂಟಲು.