ಪೋಕರ್ ಟೂರ್ನಿಯಲ್ಲಿ ಗುಲಾಮರ ಜೋಡಿ: ಕೊನೆಗೂ ನನಗೆ ಒಗ್ಗಿದ ಆಟ

ಮೂವತ್ತು ಬಿಗ್ ಬ್ಲೈಂಡ್‌ನಷ್ಟು (ಎಲೆ ನೋಡುವ ಮೊದಲೇ ಇಡಬೇಕಾದ ಕಡ್ಡಾಯ ಪಣದ ಮೂವತ್ತು ಪಟ್ಟು) ಚಿಪ್ ಇದೆ, ಕೈಯಲ್ಲಿ ಗುಲಾಮರ ಜೋಡಿ ಬಂದಿದೆ, ಮೊದಲೇ ಒಬ್ಬ ಪಣ ಏರಿಸಿಯೂ ಆಗಿದೆ. ಇಂಥ ಕಡೆ ನಾನು ಮರು ಏರಿಸದೆ ಸುಮ್ಮನೆ ಕಾಲ್ ಮಾಡುತ್ತೇನೆ (ಅವನಷ್ಟೇ ಪಣ ಇಡುತ್ತೇನೆ) ಎಂದಾಗ ಬೆಳಗಾವಿಯ ನಮ್ಮ ಗುಂಪಿನಲ್ಲಿ ನಗದವರೇ ಇರಲಿಲ್ಲ. ಪುಕ್ಕಲು ಆಟ ಎಂದರು. ಈ ಸಲ ಪಣಜಿಯಲ್ಲಿ ಮೂರನೆಯ ಸ್ಥಾನ ಪಡೆದು ಹಣ ತಂದ ಮೇಲೆ ನಕ್ಕವರೇ ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಬಾಯಿ ನೋಯಿತು, ಆದ್ದರಿಂದ ಬರೆದು ಹಾಕುತ್ತಿದ್ದೇನೆ. ಬ್ಲೈಂಡ್, ಆಂಟೆ, ಬಟನ್ ಎಂದರೇನು ಎಂದು ಕೇಳುವವರಿಗೆ ಇದು ಉಪಯೋಗಕ್ಕೆ ಬಾರದು.

ಮೊದಲು ಕಳೆದುಕೊಂಡ ಲೆಕ್ಕ. ಸುಮಾರು ಎರಡು ವರ್ಷ ಎಲ್ಲರಂತೆ ನಾನೂ ಗುಲಾಮರ ಜೋಡಿ ಕಂಡ ಕೂಡಲೇ ಮೂರು ಪಟ್ಟು ಏರಿಸಿ, ಎದುರಾಳಿ ತಿರುಗಿಬಿದ್ದರೆ ಆಲ್ ಇನ್ (ಇದ್ದ ಚಿಪ್ ಎಲ್ಲ ಒಳಗೆ) ಮಾಡುತ್ತಿದ್ದೆ. ಇದರ ಫಲ ನಿಮಗೂ ಗೊತ್ತು. ಒಂಬತ್ತರ ಜೋಡಿ, ಹತ್ತರ ಜೋಡಿ, ಎಕ್ಕ-ಹತ್ತು ಹಿಡಿದವರು ಎಲೆ ಎಸೆದು ಆರಾಮವಾಗಿ ಚಹಾ ತರಿಸಿಕೊಳ್ಳುತ್ತಾರೆ. ನಿಲ್ಲುವವರು ರಾಣಿ, ರಾಜ, ಎಕ್ಕದ ಜೋಡಿಯವರು, ಇಲ್ಲವೇ ಎಕ್ಕ-ರಾಜ ಹಿಡಿದವರು. ಆ ಮೂರು ಜೋಡಿಗಳ ಎದುರು ಗುಲಾಮರು ಐದು ಸಲಕ್ಕೆ ಒಮ್ಮೆಯೂ ಗೆಲ್ಲುವುದಿಲ್ಲ. ಎಕ್ಕ-ರಾಜದ ಎದುರು 54ರಿಂದ 57%. ಅಂದರೆ ಗೆಲ್ಲಬಹುದಾದ ಕೈಗಳನ್ನೆಲ್ಲ ನಾನೇ ಓಡಿಸಿ, ಬಡಿಯುವ ಕೈಗಳನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದೆ. ಒಂದೊಂದು ಎಂಟ್ರಿಗೆ 25-30 ಸಾವಿರ, ಮೇಲೆ ಮರು ಎಂಟ್ರಿ, ಕೊಠಡಿ, ಚೋರ್ಲಾ ಘಟ್ಟದ ಮೇಲಿನ ಓಡಾಟದ ಪೆಟ್ರೋಲು. ಎಲ್ಲ ಸೇರಿ ನಾಲ್ಕು ಲಕ್ಷ ದಾಟಿತ್ತು. ಅದರಲ್ಲಿ ಅರ್ಧವಾದರೂ ಈ ಒಂದೇ ಜೋಡಿ ನುಂಗಿದ್ದು.

ಆಮೇಲೆ ತದ್ವಿರುದ್ಧಕ್ಕೆ ಹೋದೆ. ಅಗ್ಗದಲ್ಲಿ ಫ್ಲಾಪ್ (ಎಲ್ಲರಿಗೂ ಸೇರಿ ಮೇಜಿನ ಮೇಲೆ ಬಿಡಿಸುವ ಮೊದಲ ಮೂರು ಎಲೆ) ನೋಡುವುದು, ಮೂರನೆಯ ಗುಲಾಮ ಬಂದರೆ ಹೊಡೆಯುವುದು, ಬಾರದಿದ್ದರೆ ಎಸೆಯುವುದು. ಮೂರನೆಯದು ಫ್ಲಾಪ್‌ನಲ್ಲಿ ಬರುವುದು ಎಂಟೊಂಬತ್ತು ಸಲಕ್ಕೆ ಒಮ್ಮೆ. ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ ಬ್ಲೈಂಡ್ ಏರುವ ಟೂರ್ನಿಯಲ್ಲಿ ಅಷ್ಟು ಕಾಯುವವನ ಚಿಪ್ ಕುಳಿತಲ್ಲೇ ಕರಗುತ್ತದೆ. ಮುಂದಿನ (ಎಲ್ಲರಿಗಿಂತ ಮೊದಲು ಆಡಬೇಕಾದ) ಸೀಟಿನಲ್ಲಿ ಏರಿಸದೆ ಲಿಂಪ್ ಮಾಡಿ (ಬಿಗ್ ಬ್ಲೈಂಡ್‌ನಷ್ಟೇ ಇಟ್ಟು) ಬಲೆ ಹಾಕುವ ಆಟವನ್ನೂ ಕೆಲವು ತಿಂಗಳು ಆಡಿ ನೋಡಿದೆ. ಗೋವಾದ ಮೇಜುಗಳಲ್ಲಿ ಅದು ನಡೆಯದು. ಒಬ್ಬ ಲಿಂಪ್ ಮಾಡಿದರೆ ಹಿಂದೆಯೇ ನಾಲ್ವರು ಸೇರುತ್ತಾರೆ. ಐವರ ನಡುವೆ ಗುಲಾಮರ ಜೋಡಿಗೆ ಮರ್ಯಾದೆ ಎಲ್ಲಿಯದು?

ದಾರಿ ಸಿಕ್ಕಿದ್ದು ಅಡುಗೆಮನೆಯ ಮೇಜಿನ ಮೇಲೆ. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಹಣದಾಟ ನಿಷೇಧಿಸುವ ಕಾಯ್ದೆ ಬಂದು ಮೊಬೈಲ್‌ನ ಅಭ್ಯಾಸ ನಿಂತಿತ್ತು. ಸಂಜೆ ಕೈ ಕಟ್ಟಿ ಕೂರಲಾಗದೆ ಹಳೆಯ ಇಸ್ಪೀಟು ಕಟ್ಟು ತೆಗೆದು, ಎರಡು ಗುಲಾಮರನ್ನು ಪಕ್ಕಕ್ಕಿಟ್ಟು, ಉಳಿದ 50 ಎಲೆ ಕಲೆಸಿ ಮೂರು ಮೂರು ಬಿಡಿಸುತ್ತಾ ಹೋದೆ. ಇನ್ನೂರರ ಆಸುಪಾಸು ಫ್ಲಾಪ್ ಬಿಡಿಸಿರಬೇಕು. ಹೆಂಡತಿ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗೆರೆ ಎಳೆಯುತ್ತಿದ್ದಳು. ಗುಲಾಮಕ್ಕಿಂತ ದೊಡ್ಡ ಎಲೆ ಒಂದಾದರೂ ಬರುವುದು 57% ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ, ನಾವೆಲ್ಲ ಹೆದರುವುದೂ ಅದಕ್ಕೇ. ಆದರೆ ಆ 57ನ್ನು ಯಾರೂ ಬಿಡಿಸಿ ನೋಡುವುದಿಲ್ಲ. ದೊಡ್ಡ ಎಲೆ ಒಂದೇ ಒಂದು ಬರುವುದು 43%, ಎರಡು ಅಥವಾ ಮೂರು ಬರುವುದು 14% ಮಾತ್ರ. ಒಂದೂ ಬಾರದಿರುವುದು ಮತ್ತೆ 43%. ಒಂದೂ ಇಲ್ಲದಿದ್ದರೆ ಆಟ ಸುಲಭ, ಎರಡು ಬಂದರೆ ಎಸೆಯುವುದೂ ಸುಲಭ. ಹಣ ಹೋಗುವುದೋ ಬರುವುದೋ ಆ ನಡುವಿನ 43ರಲ್ಲಿ. ಅದನ್ನು ಆಡಲು ಕಲಿತರೆ ಸಾಕು ಎಂದುಕೊಂಡೆ. ಅದಕ್ಕೆ ಬೇಕಾದದ್ದು ಎರಡು: ಎದುರಾಳಿಯ ನಂತರ ಆಡುವ ಸೀಟು, ಕೈ ಮೀರದ ಸಣ್ಣ ಪಾಟ್ (ಮೇಜಿನ ನಡುವೆ ಸೇರಿದ ಪಣ). ಬರೀ ಕಾಲ್ ಮಾಡುವುದು ಇಲ್ಲಿಂದ ಹುಟ್ಟಿದ್ದು. (ರಾಣಿಯ ಜೋಡಿಗೆ ಈ ಲೆಕ್ಕ ಒಪ್ಪುವುದಿಲ್ಲ. ಅಲ್ಲಿ ದೊಡ್ಡ ಎಲೆ ಬರುವುದು 41% ಅಷ್ಟೇ, ನಾನು ಈಗಲೂ ಏರಿಸಿಯೇ ಆಡುತ್ತೇನೆ.)

ಈ ಸಲದ ಕೈ ಹೇಳುತ್ತೇನೆ, ಅಂಕಿಗಳು ನೆನಪಿನಿಂದ. ಬ್ಲೈಂಡ್ 2,000-4,000, ಬಿಗ್ ಬ್ಲೈಂಡ್ ಆಂಟೆ (ಎಲ್ಲರ ಪರವಾಗಿ ಬಿಗ್ ಬ್ಲೈಂಡ್‌ನವರು ಇಡುವ ಹೆಚ್ಚುವರಿ ಪಣ) 4,000. ನನ್ನ ಬಳಿ 1,30,000. ಮುಂದಿನ ಸೀಟಿನ ಯುವಕ 9,000ಕ್ಕೆ ಏರಿಸಿದ. ಎರಡು ಗಂಟೆಯಿಂದ ಪಾಟ್ ಮೇಲೆ ಪಾಟ್ ಎತ್ತುತ್ತಿದ್ದವನು. ನಾನು ಬಟನ್‌ನಲ್ಲಿ (ಫ್ಲಾಪ್ ನಂತರ ಕೊನೆಗೆ ಆಡುವ ಸೀಟು) ಕಾಲ್ ಮಾಡಿದೆ, ಬಿಗ್ ಬ್ಲೈಂಡ್‌ನವರೂ ಬಂದರು. ಪಾಟ್ 33,000. ಫ್ಲಾಪ್‌ನಲ್ಲಿ ಆಟೀನ್ ರಾಣಿ, ಕಳಾವರ ಏಳು, ಡೈಮಂಡ್ ನಾಲ್ಕು. ಯುವಕ 12,000 ಹಾಕಿದ, ನಾನು ಕಾಲ್, ಬಿಗ್ ಬ್ಲೈಂಡ್‌ನವರು ಎಲೆ ಎಸೆದರು. ಟರ್ನ್‌ನಲ್ಲಿ (ನಾಲ್ಕನೆಯ ಎಲೆ) ಇಸ್ಪೀಟು ಎರಡು. ಅವನು ಪಣ ಹಾಕದೆ ಚೆಕ್ ಮಾಡಿದ. ಈ ಹಂತದಲ್ಲಿ ಹೊಡೆಯಬೇಕೆಂದು ಕೈ ತುರಿಸುತ್ತದೆ, ನಾನೂ ಚೆಕ್ ಮಾಡಿದೆ. ರಿವರ್‌ನಲ್ಲಿ (ಐದನೆಯ, ಕೊನೆಯ ಎಲೆ) ಇನ್ನೊಂದು ಏಳು. ಅವನು ಚಿಪ್‌ಗಳನ್ನು ಎರಡು ಸಲ ಎಣಿಸಿ 25,000 ತಳ್ಳಿದ. ಕಾಲ್ ಮಾಡಿದೆ. ಎಕ್ಕ-ರಾಜ ಮಗುಚಿದ, ಗುಲಾಮರೇ ಗೆದ್ದರು. ನನ್ನ ಚಿಪ್ 1,90,000 ದಾಟಿತು. ಹಳೆಯ ಪದ್ಧತಿಯಲ್ಲಿ ಫ್ಲಾಪ್‌ಗೆ ಮೊದಲೇ ಇಬ್ಬರೂ ಆಲ್ ಇನ್ ಆಗಿ, ಇಡೀ ದಿನದ ಆಟವನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದಂತೆ ಆಗುತ್ತಿತ್ತು. ಇಲ್ಲಿ ನಾನು ಗಂಡಾಂತರಕ್ಕೆ ಒಡ್ಡಿದ್ದು 46,000.

ಒಂಟಿ ದೊಡ್ಡ ಎಲೆ ಯಾವುದು ಎಂಬುದೂ ಮುಖ್ಯ. ರಾಣಿ ಬಂದರೆ ಒಂದು ಪಣ ಖಂಡಿತ ತಾಳುತ್ತೇನೆ, ಎರಡನೆಯದಕ್ಕೆ ಆಳು ನೋಡುತ್ತೇನೆ. ರಾಜ ಬಂದರೆ ಒಂದು. ಎಕ್ಕ ಬಂದು, ಏರಿಸಿದವನು ಮುಂದಿನ ಸೀಟಿನವನಾಗಿದ್ದು, ಪಣ ಅರ್ಧ ಪಾಟ್‌ಗಿಂತ ದೊಡ್ಡದಾಗಿದ್ದರೆ ಮೊದಲ ಪಣಕ್ಕೇ ಎಲೆ ಎಸೆಯುತ್ತೇನೆ. ರಿವರ್‌ನಲ್ಲಿ ಎಣಿಸಿ ತಳ್ಳುವವರ ಕೈ ಓದುವ ಒಂದು ಗುಟ್ಟು ನನ್ನಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಓದುಗರಲ್ಲಿ ಕೆಲವರು ನನ್ನ ಮೇಜಿಗೇ ಬರುವವರು.

ಇದೆಲ್ಲ ಇಪ್ಪತ್ತೈದರಿಂದ ನಲವತ್ತು ಬ್ಲೈಂಡ್ ಇದ್ದಾಗ. ಇಪ್ಪತ್ತಕ್ಕಿಂತ ಕೆಳಗಿಳಿದರೆ ಯೋಚನೆಯೇ ಬೇಡ, ಎಲ್ಲವನ್ನೂ ಒಳಗೆ ತಳ್ಳಿ. ಆ ಮಟ್ಟದಲ್ಲಿ ಎದುರಿನವರು ಏಳರ ಜೋಡಿಯಲ್ಲೂ ಕಾಲ್ ಮಾಡುತ್ತಾರೆ. ಮೇಜಿನಲ್ಲಿ ಐದಾರು ಜನ ಉಳಿದಾಗಲೂ ಹಾಗೆಯೇ. ಬಬಲ್ (ಬಹುಮಾನದ ಸ್ಥಾನಗಳು ಶುರುವಾಗುವ ಮೊದಲಿನ ಹಂತ) ಹತ್ತಿರ ಮಾತ್ರ ಬೇರೆ: ನನಗಿಂತ ಕಡಿಮೆ ಚಿಪ್‌ನವರು ಮೂವರು ಇದ್ದು, ಬಿಗಿಯಾಗಿ ಆಡುವ ದೊಡ್ಡ ಸ್ಟ್ಯಾಕಿನವನು (ಚಿಪ್ ರಾಶಿ ದೊಡ್ಡದಿರುವವನು) ಎಲ್ಲ ತಳ್ಳಿದರೆ ಗುಲಾಮರನ್ನು ಎಸೆಯುತ್ತೇನೆ. ಅಲ್ಲಿ ಗೆದ್ದ ಚಿಪ್‌ಗಿಂತ ಸೋತ ಚಿಪ್‌ನ ಬೆಲೆ ಹೆಚ್ಚು.

ಮೂರನೆಯ ಸ್ಥಾನಕ್ಕೆ ಐದೂವರೆ ಲಕ್ಷದ ಹತ್ತಿರ ಬಂತು. 30% ಮೂಲದಲ್ಲೇ ಕಡಿತ, ಕೈಗೆ 3,85,000ದ ಸುಮಾರು. ಹಿಂದೆ ಸೋತ ಎಂಟ್ರಿಗಳನ್ನು ಈ ಗೆಲುವಿನಿಂದ ಕಳೆದು ತೆರಿಗೆ ಲೆಕ್ಕ ಹಾಕುವಂತೆಯೂ ಇಲ್ಲ. ಆ ನಾಲ್ಕು ಲಕ್ಷದ ಹೊಂಡ ಇನ್ನೂ ಪೂರ್ತಿ ತುಂಬಿಲ್ಲ ಎಂದು ಹೆಂಡತಿ ಅದೇ ಹಾಲಿನ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ.

ಸ್ಯಾಟಲೈಟ್ (ದೊಡ್ಡ ಟೂರ್ನಿಯ ಸೀಟನ್ನೇ ಬಹುಮಾನವಾಗಿ ಕೊಡುವ ಸಣ್ಣ ಟೂರ್ನಿ) ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಅಲ್ಲಿ ಗೆದ್ದವರಲ್ಲಿ ಮೊದಲಿಗನಿಗೂ ಕೊನೆಯವನಿಗೂ ಸಿಗುವುದು ಒಂದೇ ಬೆಲೆಯ ಸೀಟು. ಕಳೆದ ಸಲ ಸೀಟಿಗಿಂತ ಒಬ್ಬನೇ ಹೆಚ್ಚು ಉಳಿದಿದ್ದಾಗ, ನನ್ನ ಸ್ಟ್ಯಾಕ್ ಎರಡನೆಯದಾಗಿದ್ದಾಗ, ಮೊದಲನೆಯವನು ಎಲ್ಲ ತಳ್ಳಿದ. ಗುಲಾಮರ ಜೋಡಿಯನ್ನು ಮಾತಿಲ್ಲದೆ ಎಸೆದೆ. ಹಿಂದೆ ನಿಂತು ಎಲೆ ನೋಡಿದ್ದ ಗೆಳೆಯ ವಾಪಸು ಬರುವಾಗ ಚೋರ್ಲಾ ಘಟ್ಟ ಹತ್ತಿ ಮುಗಿಯುವವರೆಗೂ ಬೈಯುತ್ತಲೇ ಇದ್ದ. ಸೀಟಿನ ಚೀಟಿ ನನ್ನ ಜೇಬಿನಲ್ಲಿತ್ತು.