ಅಕ್ಷರದಾಟ ತುಟಿಯಿಂದ ಶುರುವಾಗಲಿ

ಎರಡೂವರೆ ವರ್ಷದ ಮಗು. ‘ಅ’ದಿಂದ ‘ಳ’ದವರೆಗೆ ಗಡಗಡ ಹೇಳುತ್ತದೆ. ಬಾಯಾರಿದರೆ ಮಾತ್ರ ನೀರಿನ ಬಾಟಲಿಗೆ ಕೈ ತೋರಿಸಿ ಅಳುತ್ತದೆ. ಮಂಗಳೂರಿನ ಮನೆಗಳಲ್ಲಿ ಇಂಥ ಮಕ್ಕಳನ್ನು ನಾನು ಕಂಡಿದ್ದೇನೆ, ನೋಡುವಾಗ ಸಂಕಟವಾಗುತ್ತದೆ. ಬಾಯಿಪಾಠ ಬೇರೆ, ಮಾತು ಬೇರೆ. ಅಕ್ಷರ ಮಾತಿಗೆ ಒಂದು ನೆವ ಆಗಬೇಕು. ಹೇಗೆ ಅಂತ ನೋಡೋಣ.

ಮೊದಲು ಪ, ಬ, ಮ

ನಮ್ಮ ವರ್ಣಮಾಲೆಯ 25 ವರ್ಗೀಯ ವ್ಯಂಜನಗಳು ಬಾಯಿಯೊಳಗಿನ ಒಂದು ದಾರಿಯ ಹಾಗಿವೆ. ಗಂಟಲ ಹತ್ತಿರದ ‘ಕ’ದಿಂದ ಹೊರಟು, ಅಂಗುಳ, ಹಲ್ಲು ದಾಟಿ, ತುಟಿಯ ‘ಪ ಫ ಬ ಭ ಮ’ಕ್ಕೆ ಬಂದು ನಿಲ್ಲುತ್ತವೆ. ಮಕ್ಕಳಿಗೆ ಬೇಗ ಒಲಿಯುವುದು ಈ ಕೊನೆಯ ಸಾಲು. ತುಟಿ ಕಣ್ಣಿಗೆ ಕಾಣುತ್ತದೆ, ಅಲ್ವಾ? ಹಾಗಾಗಿ ಆಟವನ್ನೂ ಅಲ್ಲಿಂದಲೇ ಶುರು ಮಾಡಿ.

ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಇಬ್ಬರೂ ಕನ್ನಡಿ ನೋಡಿ. ತುಟಿ ಮುಚ್ಚಿ, ಪಟ್ಟನೆ ಬಿಟ್ಟು ‘ಪ’ ಅನ್ನಿ. ಮಗುವಿನ ಅಂಗೈಯನ್ನು ನಿಮ್ಮ ಬಾಯಿಯ ಮುಂದೆ ಹಿಡಿಯಿರಿ, ಗಾಳಿ ತಾಗಲಿ. ‘ಮ’ ಅನ್ನುವಾಗ ಅದರ ಬೆರಳನ್ನು ನಿಮ್ಮ ಮೂಗಿನ ಮೇಲಿಡಿ, ಮೂಗು ಸಣ್ಣಗೆ ಅದುರುವುದು ಗೊತ್ತಾಗುತ್ತದೆ. ಐದು ನಿಮಿಷ ಸಾಕು. ಮುಖ ತಿರುಗಿಸಿದರೆ ಆಟ ನಿಲ್ಲಿಸಿ.

ಇನ್ನು ಶಬ್ದಗಳು. ಇಲ್ಲಿ ನಮ್ಮ ಊರಿಗೆ ಒಂದು ಭಾಗ್ಯ ಇದೆ. ಕನ್ನಡದ ಹುಲಿ ತುಳುವಿನಲ್ಲಿ ಪಿಲಿ, ಹೂವು ಪೂ. ಬೆಕ್ಕು ಪುಚ್ಚೆ, ದನ ಪೆತ್ತ, ಹಾಲು ಪೇರ್. ಅಡುಗೆಮನೆಗೆ ಹೋದರೆ ಪುಂಡಿ, ಪತ್ರೊಡೆ. ಅಜ್ಜಿಯ ಮಾತಿನ ತುಂಬ ತುಟಿಯ ಅಕ್ಷರಗಳೇ! ದಸರೆಗೋ ಅಷ್ಟಮಿಗೋ ಪಿಲಿವೇಷ ನೋಡಿಬಂದ ಮಗುವಿಗೆ ‘ಪಿಲಿ’ ಅನ್ನಲು ಯಾರೂ ಹೇಳಿಕೊಡಬೇಕಿಲ್ಲ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಸೇರಿದರೆ ಮಗು ಗೊಂದಲವಾಗಿ ಮಾತು ತಡವಾಗುತ್ತದೆ ಎಂಬ ಹೆದರಿಕೆ ಬಿಟ್ಟುಬಿಡಿ. ಹಲವು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ದಯವಿಟ್ಟು ಅಜ್ಜಿಯನ್ನು ಸುಮ್ಮನಾಗಿಸಬೇಡಿ.

ಆಮೇಲೆ ಒಳಗಿನ ಅಕ್ಷರಗಳು

ತ, ದ, ನ, ಕ, ಗಕ್ಕೂ ಇದೇ ಆಟ. ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರ್ ಆಟ ಆಡಿ. ‘ಕದ್ರಿ ಕದ್ರಿ’, ‘ಮಲ್ಪೆ ಮಲ್ಪೆ’ ಅಂತ ಮಗು ಕೂಗಲಿ, ನೀವು ಹತ್ತಿ ಇಳಿಯುವ ಜನ ಆಗಿ. ‘ಎಲ್ಲಿಗೆ?’, ‘ಎಷ್ಟು ಕೊಡಲಿ?’ ಅಂತ ಕೇಳಿ. ಅಕ್ಷರದಿಂದ ಶಬ್ದ, ಶಬ್ದದಿಂದ ವಾಕ್ಯ ಹುಟ್ಟುವುದು ಹೀಗೆ. ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಕಾಯಿರಿ. ನಾವು ದೊಡ್ಡವರು ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ.

ತಪ್ಪಿದರೆ ತಿದ್ದಬೇಡಿ, ಸರಿಯಾಗಿ ಹೇಳಿ ಮುಂದೆ ಹೋಗಿ. ಮಗು ‘ಲೊಟ್ಟಿ ಬೇಕು’ ಅಂದರೆ, ‘ರೊಟ್ಟಿ ಬೇಕಾ? ಬಿಸಿ ರೊಟ್ಟಿ ಕೊಡ್ತೇನೆ’ ಅನ್ನಿ. ‘ರ ಅನ್ನು, ಎಲ್ಲಿ ಅನ್ನು ನೋಡುವ’ ಅಂತ ನೆಂಟರ ಎದುರು ಪರೀಕ್ಷೆ ಮಾಡಿದರೆ ಇರುವ ಮಾತೂ ನಿಂತುಹೋಗುತ್ತದೆ. ರ, ಳ, ಷ ಬಾಯಿಗೆ ಬರುವುದು ನಿಧಾನ.

ಬರೆಯುವ ಕ್ರಮವೇ ಬೇರೆ

ಸರ್ಕಾರಿ ಶಾಲೆಗಳ ನಲಿಕಲಿಯಲ್ಲಿ, ಅಂದರೆ ಆಡುತ್ತಾ ಕಲಿಯುವ ಪದ್ಧತಿಯಲ್ಲಿ, ಅಕ್ಷರ ಶುರುವಾಗುವುದು ‘ರ ಗ ಸ ದ ಅ’ ಎಂದು. ‘ರ’ ಬರೆಯುವ ಕೈಗೆ ಸುಲಭ. ಆದರೆ ನಾಲಿಗೆಗೆ ಅದೇ ಕಷ್ಟ! ಹಾಗಾಗಿ ಎರಡನ್ನೂ ಬೆರೆಸಬೇಡಿ. ಪೆನ್ಸಿಲಿಗೆ ಅವಸರ ಇಲ್ಲ. ಪಣಂಬೂರಿನ ಒದ್ದೆ ಮರಳಲ್ಲಿ ಬೆರಳಾಡಿಸಲಿ, ಮಳೆಗಾಲವಾದರೆ ತಟ್ಟೆಯಲ್ಲಿ ಅಕ್ಕಿ ಹರಡಿ ಕೊಡಿ. ಮೊಬೈಲಿನ ಅಕ್ಷರ ಹಾಡು ಇದಕ್ಕೆ ಬದಲಿ ಅಲ್ಲ, ಅದು ಮಗುವಿನ ಮಾತಿಗೆ ಕಾಯುವುದಿಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ಪರದೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಯಾವಾಗ ತೋರಿಸಬೇಕು?

ಒಂದೂವರೆ ವರ್ಷಕ್ಕೂ ಒಂದು ಶಬ್ದ ಇಲ್ಲ, ಎರಡು ವರ್ಷಕ್ಕೂ ‘ಅಮ್ಮ ಬಾ’ ಅನ್ನುವಂಥ ಎರಡು ಶಬ್ದದ ಜೋಡಣೆ ಇಲ್ಲ, ಕರೆದರೆ ತಿರುಗುವುದಿಲ್ಲ, ಬಂದ ಮಾತು ಹೋಗಿದೆ ಎಂದಾದರೆ ಕಾಯಬೇಡಿ. ‘ಅವನ ಅಪ್ಪನೂ ತಡವಾಗಿ ಮಾತಾಡಿದ್ದು’ ಎಂಬ ಸಮಾಧಾನ ಕೇಳಿ ವರ್ಷ ಕಳೆಯಬೇಡಿ. ಮೊದಲು ಕಿವಿ ಪರೀಕ್ಷೆ ಆಗಲಿ. ಪದೇಪದೇ ಶೀತವಾಗಿ ಕಿವಿ ಸೋರುವ ಮಗುವಿಗೆ ಅಕ್ಷರ ಸರಿಯಾಗಿ ಕೇಳಿಸಿಯೇ ಇರಲಿಕ್ಕಿಲ್ಲ. ಅಂಗನವಾಡಿಗೆ ಮಕ್ಕಳ ಆರೋಗ್ಯ ತಪಾಸಣೆಗೆಂದು ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ತೋರಿಸಬಹುದು. ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ವಾಕ್ ಮತ್ತು ಶ್ರವಣ ವಿಭಾಗವೇ ಇದೆ.

ಹೋಗುವ ಮುಂಚೆ ಮಗು ಆಡುತ್ತಾ ಮಾತಾಡುವುದನ್ನು ಮೊಬೈಲಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ, ಅಜ್ಜಿಯ ಜೊತೆ ತುಳುವಿನಲ್ಲಿ ಆಡಿದ್ದಾದರೂ ಸರಿ. ಹೊಸ ಜಾಗದಲ್ಲಿ ಮಕ್ಕಳು ಬಾಯಿ ಬಿಡುವುದು ಕಡಿಮೆ.