ಕಿಲುಬಿನ ಕೆಳಗಿದ್ದ ಆಮೆ

1837ರಲ್ಲಿ ಅಮೆರಿಕದಲ್ಲಿ ನಾಣ್ಯದ ಹಾಗೆ ಓಡಿದ ತಾಮ್ರದ ಬಿಲ್ಲೆಯೊಂದಿದೆ, ಒಂದು ಕಡೆ ಆಮೆ, ಇನ್ನೊಂದು ಕಡೆ ಕತ್ತೆ. ಈ ಆಮೆ-ಕತ್ತೆ ಬಿಲ್ಲೆಗೆ ಕಿಲುಬು ಹಿಡಿದಿದ್ದರೆ ಮುಟ್ಟಲೇಬೇಡ, ದುಡ್ಡು ದಂಡ ಅಂತ ಗೆಳೆಯರೆಲ್ಲ ಹೇಳಿದ್ದರು. ಆರು ವರ್ಷದಿಂದ ನಾನು ಅಂಥವನ್ನೇ ಹುಡುಕಿ ಕೊಳ್ಳುತ್ತಿದ್ದೇನೆ. ಈಗ 11 ಇವೆ. ಅದರಲ್ಲಿ 9ರ ಅಕ್ಷರ ಪೂರ್ತಿ ಓದಬಹುದು.

ಮೊದಲನೆಯದನ್ನು ಹಾಳು ಮಾಡಿದೆ. ನ್ಯೂಜೆರ್ಸಿಗೆ ಬಂದ ಹೊಸತು. ಸುಮಾರು 45 ಡಾಲರ್ ಕೊಟ್ಟು ತಂದಿದ್ದೆ. ಊರಲ್ಲಿ ತಾಮ್ರದ ಚೊಂಬು ತಿಕ್ಕುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಎರಡೇ ನಿಮಿಷ, ಕೆಂಪಗೆ ಹೊಳೆಯಿತು. 180 ವರ್ಷದ ಕಂದು ಬಣ್ಣ ಹೋಗಿಬಿಟ್ಟಿತು. ಆಮೇಲೆ 10 ಡಾಲರಿಗೂ ಯಾರೂ ಕೇಳಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಎರಡನೆಯದಕ್ಕೆ ಸೂಜಿ ಹಾಕಿದೆ. ಆಮೆಯ ಬೆನ್ನ ಮೇಲಿನ ತಿಜೋರಿಗೆ ಅಡ್ಡ ಗೀರು ಬಿತ್ತು.

ಆಮೇಲೆ ಆತುರ ಬಿಟ್ಟೆ. ಮೊದಲು ಜಿಡ್ಡು ಕರಗಿಸುವ ಅಸಿಟೋನಿನಲ್ಲಿ ಒಂದು ರಾತ್ರಿ. ಆಮೇಲೆ ಔಷಧಿ ಅಂಗಡಿಯ ಮಿನರಲ್ ಆಯಿಲ್‌ನಲ್ಲಿ ಮುಳುಗಿಸಿ ಮೂರು ವಾರ, ಕೆಲವಕ್ಕೆ ಎರಡು ತಿಂಗಳು. ಕಿಲುಬು ಮೆತ್ತಗಾದ ಮೇಲೆ ಭೂತಗನ್ನಡಿ ಹಿಡಿದು ಗುಲಾಬಿ ಮುಳ್ಳಿನಿಂದ ಒಂದೊಂದೇ ಚುಕ್ಕೆ ಎಬ್ಬಿಸುವುದು. ಮುಳ್ಳು ತಾಮ್ರಕ್ಕಿಂತ ಮೆತ್ತಗೆ, ಗೀರುವುದಿಲ್ಲ. ಎಣ್ಣೆಯನ್ನು ಎಷ್ಟು ಬಿಸಿ ಮಾಡುತ್ತೇನೆ, ಯಾವಾಗ ಬದಲಿಸುತ್ತೇನೆ ಅನ್ನೋದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದಕ್ಕೇ ಎರಡು ಚಳಿಗಾಲ ಹಿಡಿಯಿತು ನನಗೆ.

ನಡುವೆ ಕೊಬ್ಬರಿ ಎಣ್ಣೆಯನ್ನೂ ನೋಡಿದೆ. ಇಲ್ಲಿನ ಚಳಿಗೆ ಗಟ್ಟಿಯಾಗಿ ಬಿಲ್ಲೆ ಒಳಗೇ ಸಿಕ್ಕಿಕೊಂಡಿತು. ಆಲಿವ್ ಎಣ್ಣೆಯಲ್ಲಿ ಹುಳಿ ಇರುತ್ತದೆ, ತಾಮ್ರವನ್ನು ನಿಧಾನವಾಗಿ ತಿನ್ನುತ್ತದೆ. ಎರಡೂ ಬೇಡ.

ಮೊದಲು ಗೆದ್ದದ್ದು ಸುಮಾರು 12 ಡಾಲರಿನ ಬಿಲ್ಲೆಯಲ್ಲಿ. ತಂದಾಗ ಕತ್ತೆಯ ಕಿವಿಯೊಂದೇ ಕಾಣುತ್ತಿತ್ತು. ಐದನೇ ವಾರ ಸುತ್ತಲಿನ ಸಾಲು ಹೊರಬಂತು: ನನ್ನ ಘನ ಪೂರ್ವಾಧಿಕಾರಿಯ ಹೆಜ್ಜೆಯಲ್ಲೇ ನಡೆಯುತ್ತೇನೆ. ಹಿಂದಿನ ಅಧ್ಯಕ್ಷ ಜಾಕ್ಸನ್ ಹಿಂದೆ ಹೊರಟ ಹೊಸ ಅಧ್ಯಕ್ಷ ವ್ಯಾನ್ ಬ್ಯೂರೆನ್‌ಗೆ ಬಿದ್ದ ಗೇಲಿಯ ಏಟು ಅದು. ಆ ವರ್ಷ ಮೇ 10ಕ್ಕೆ ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ಚಿನ್ನ-ಬೆಳ್ಳಿ ಕೊಡುವುದನ್ನೇ ನಿಲ್ಲಿಸಿದ್ದವು. ಚಿಲ್ಲರೆ ಸಿಗದ ಜನ ಈ ಬಿಲ್ಲೆಯನ್ನೇ ಸೆಂಟಿನ ಬದಲು ಓಡಿಸಿದರು. ಅಷ್ಟು ಕೈ ದಾಟಿ ಬಂದದ್ದು ಮತ್ತೆ ಮಾತಾಡಿದ ಹಾಗಾಯಿತು, ಕಣ್ಣು ತುಂಬಿತು. ಬೇಡ ಅಂದಿದ್ದ ಗೆಳೆಯರೇ ಅದಕ್ಕೆ 60 ಡಾಲರ್ ಕೊಡುತ್ತೇವೆ ಅಂದರು. ಕೊಡಲಿಲ್ಲ.

ಒಂದು ಮಾತು. ಕಿಲುಬಿನ ಕೆಳಗೆ ಗುಳಿ ಕಂಡರೆ ಅಲ್ಲೇ ನಿಲ್ಲಿಸಿ. ನನ್ನ ಇನ್ನೆರಡು ಹೋದದ್ದು ಹಾಗೇ.

ಈಗ ಎಣ್ಣೆಯಲ್ಲಿರೋದು ವ್ಯಾನ್ ಬ್ಯೂರೆನ್‌ನನ್ನು ಗೇಲಿ ಮಾಡುವ ಇನ್ನೊಂದು ಬಿಲ್ಲೆ, ಮಿಂಚಿನ ನಡುವೆ ಒಡೆದ ಹಡಗಿನ ಚಿತ್ರ ಇರುವಂಥದ್ದು. ನಾಲ್ಕನೇ ವಾರ. ಹಡಗಿನ ಹೆಸರು 'ಎಕ್ಸ್‌ಪೆರಿಮೆಂಟ್' ಅನ್ನೋದು ಓದಲು ಬರುತ್ತಿದೆ, ಮಿಂಚಿನ ಕಡೆ ಇನ್ನೂ ಹಸಿರು.